ಲ್ಯಾಪ್‌ಟಾಪ್ ಹಾರ್ಮೋನಿಯಂ ಚಟಪಟ ಎನ್ನುವುದೇಕೆ? ವೈಫೈ ಆಫ್ ಮಾಡಿದರೆ ಸರಿಹೋಗುವುದು ನಿಜವೇ?

ಹೊರನಾಡಿನ ಹತ್ತಿರದ ಓದುಗರೊಬ್ಬರು ನಮಗೆ ಒಂದು ಆಡಿಯೋ ತುಣುಕನ್ನೂ ಅದರ ಜೊತೆಗೆ ಒಂದು ವಾಟ್ಸ್ಆಪ್ ಫಾರ್ವರ್ಡನ್ನೂ ಕಳಿಸಿದ್ದರು. ಅವರ ಭಜನಾ ತಂಡದಲ್ಲಿ ಹಾರ್ಮೋನಿಯಂ ನುಡಿಸುವವರಿಲ್ಲ. ಲ್ಯಾಪ್‌ಟಾಪಿಗೆ ಚಿಕ್ಕದೊಂದು ಮಿಡಿ ಕೀಬೋರ್ಡ್ ಜೋಡಿಸಿ, ಸಾಫ್ಟ್‌ವೇರಿನಲ್ಲಿರುವ ಹಾರ್ಮೋನಿಯಂ ಮತ್ತು ತಂಬೂರಿಯನ್ನು ನುಡಿಸುತ್ತಾರೆ. ಆಡಿಯೋ ಕೇಳಿದರೆ, ಸ್ವರದ ನಡುನಡುವೆ ಒಗ್ಗರಣೆಗೆ ಸಾಸಿವೆ ಸಿಡಿದಂತೆ ಚಟಪಟ ಸದ್ದು.

ಫಾರ್ವರ್ಡಿನಲ್ಲಿ ಇದ್ದದ್ದು ಇಷ್ಟು: ವೈಫೈ ಅಲೆಗಳು ಸಂಗೀತದೊಳಗೆ ನುಗ್ಗುವುದರಿಂದ ಈ ಸದ್ದು ಬರುತ್ತದೆ, ವೈಫೈ ಆಫ್ ಮಾಡಿ, ಆಮೇಲೂ ಬಂದರೆ ಸೌಂಡ್ ಕಾರ್ಡ್ ಸುಟ್ಟಿದೆ ಎಂದರ್ಥ. ಅವರು ವೈಫೈ ಆಫ್ ಮಾಡಿದರು. ಸದ್ದು ನಿಜವಾಗಿಯೂ ಕಡಿಮೆಯಾಯಿತು. ಆದರೆ ಸಂಜೆ ಮಳೆಗೆ ಕರೆಂಟ್ ಹೋದದ್ದೇ ತಡ, ಚಟಪಟ ಮೊದಲಿಗಿಂತ ಜೋರಾಗಿ ಮರಳಿತು. ಫಾರ್ವರ್ಡಿನ ಲೆಕ್ಕದಲ್ಲಿ ಸೌಂಡ್ ಕಾರ್ಡ್ ಹೋಗಿದೆ. ನವರಾತ್ರಿಯ ಭಜನೆಗೆ ಮೊದಲು ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೇ ಎಂಬುದು ಅವರ ಪ್ರಶ್ನೆ.

ಮೊದಲೇ ಹೇಳಿಬಿಡುತ್ತೇವೆ: ಬೇಕಾಗಿಲ್ಲ. ಫಾರ್ವರ್ಡ್ ಹೇಳಿದ ಉಪಾಯ ಅರ್ಧ ಸರಿ, ಕೊಟ್ಟ ಕಾರಣ ಪೂರ್ತಿ ತಪ್ಪು. ಉಪಾಯ ಫಲಿಸಿದ ಕೂಡಲೇ ಕಾರಣವನ್ನೂ ನಂಬಿಬಿಡುತ್ತೇವಲ್ಲ, ದುಡ್ಡು ಹೋಗುವುದು ಅಲ್ಲೇ.

ಕೀಬೋರ್ಡಿನಲ್ಲಿ ಸದ್ದೇ ಇಲ್ಲ

ಮಿಡಿ ಎಂಬುದು 1983ರಲ್ಲಿ ಬಳಕೆಗೆ ಬಂದ ಒಂದು ಸಂಕೇತ ಭಾಷೆ. ಮಿಡಿ ಕೀಬೋರ್ಡಿನ ಮನೆಯೊಂದನ್ನು ಒತ್ತಿದರೆ ಅದರಿಂದ ನಾದ ಹೊರಡುವುದಿಲ್ಲ. 'ಈ ಮನೆ ಒತ್ತಿದರು, ಇಷ್ಟು ಬಲವಾಗಿ ಒತ್ತಿದರು' ಎಂಬ ಸುದ್ದಿ ಮಾತ್ರ ಲ್ಯಾಪ್‌ಟಾಪಿಗೆ ಹೋಗುತ್ತದೆ. ನಾದವನ್ನು ತಯಾರಿಸುವುದು ಲ್ಯಾಪ್‌ಟಾಪಿನ ಪ್ರೊಸೆಸರ್.

ನಾದ ಎಂದರೆ ಕಂಪ್ಯೂಟರಿಗೆ ಸಂಖ್ಯೆಗಳ ಸಾಲು. ಸಾಮಾನ್ಯ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 44,100 ಅಥವಾ 48,000 ಸಂಖ್ಯೆಗಳು. ಇವನ್ನು ಒಂದೊಂದಾಗಿ ಕಳಿಸಲು ಆಗದ್ದರಿಂದ ಕಟ್ಟು ಕಟ್ಟಾಗಿ ಕಳಿಸುತ್ತದೆ. ಆ ಕಟ್ಟಿಗೆ ಬಫರ್ ಎಂದು ಹೆಸರು. ಒಂದು ಕಟ್ಟಿನಲ್ಲಿ 256 ಸಂಖ್ಯೆಗಳಿವೆ, ಸೆಕೆಂಡಿಗೆ 48,000 ಸಂಖ್ಯೆ ಬೇಕು ಎಂದುಕೊಳ್ಳಿ. ಆಗ ಒಂದು ಕಟ್ಟು ಬಾಳುವುದು ಸುಮಾರು 5.3 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಮುಂದಿನ ಕಟ್ಟು ಸಿದ್ಧವಾಗಿರಬೇಕು. ಹೀಗೆ ಸೆಕೆಂಡಿಗೆ 187 ಸಲ.

ಸಾರಿನ ಬಕೆಟ್ ಖಾಲಿಯಾದಾಗ

ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಊಟದ ಪಂಕ್ತಿಗೆ ಕುಳಿತವರಿಗೆ ಇದು ಸುಲಭವಾಗಿ ಅರ್ಥವಾದೀತು. ಬಡಿಸುವವರು ಸಾರಿನ ಬಕೆಟ್ ಹಿಡಿದು ಒಂದೇ ವೇಗದಲ್ಲಿ ಸಾಗುತ್ತಾರೆ. ಒಂದು ಬಕೆಟ್ ಪಂಕ್ತಿಯಲ್ಲಿರುವಾಗ ಇನ್ನೊಂದು ಅಡುಗೆಮನೆಯಲ್ಲಿ ತುಂಬುತ್ತಿರುತ್ತದೆ. ಕೈಯಲ್ಲಿರುವುದು ಖಾಲಿಯಾಗುವ ಮೊದಲೇ ಆ ಎರಡನೆಯದು ಬಂದುಬಿಟ್ಟರೆ ಕುಳಿತವರಿಗೆ ಏನೂ ಗೊತ್ತಾಗದು. ಅರೆಕ್ಷಣ ತಡವಾದರೂ ಒಂದೆರಡು ಎಲೆಗೆ ಸಾರಿಲ್ಲ.

ಲ್ಯಾಪ್‌ಟಾಪಿನಲ್ಲೂ ಅಷ್ಟೇ. ಸ್ಪೀಕರ್ ಯಾರಿಗೂ ಕಾಯುವುದಿಲ್ಲ. ಕಟ್ಟು ಬಾರದಿದ್ದರೆ ಏರಿಳಿಯುತ್ತಿದ್ದ ನಾದದ ಅಲೆ ತಟ್ಟನೆ ಸೊನ್ನೆಗೆ ಬಿದ್ದು, ಮರುಕ್ಷಣ ಮತ್ತೆ ಜಿಗಿಯುತ್ತದೆ. ಈ ಜಿಗಿತ ನಮ್ಮ ಕಿವಿಗೆ 'ಚಟ್' ಎಂದು ಕೇಳುತ್ತದೆ. ಸಾಲಾಗಿ ಹಲವು ಕಟ್ಟುಗಳು ತಡವಾದರೆ ಚಟಪಟ. ಅಂದರೆ ಹೆಚ್ಚಿನ ಸಲ ಈ ಸದ್ದು ಯಂತ್ರ ಕೆಟ್ಟ ಲಕ್ಷಣವಲ್ಲ, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಯದ ಲಕ್ಷಣ.

ಪರೀಕ್ಷೆ ಸುಲಭ. ಅದೇ ಲ್ಯಾಪ್‌ಟಾಪ್, ಅದೇ ಸ್ಪೀಕರಿನಲ್ಲಿ ಯೂಟ್ಯೂಬಿನ ಹಾಡೊಂದನ್ನು ಹಾಕಿ. ಅದು ಸ್ವಚ್ಛವಾಗಿ ಕೇಳಿದರೆ ಸೌಂಡ್ ಕಾರ್ಡೂ ಸುಟ್ಟಿಲ್ಲ, ಸ್ಪೀಕರೂ ಒಡೆದಿಲ್ಲ. ಮೊದಲೇ ತಯಾರಾದ ಹಾಡನ್ನು ದೊಡ್ಡ ಕೊಪ್ಪರಿಗೆಯಲ್ಲಿ ತುಂಬಿಟ್ಟುಕೊಂಡು ಬಡಿಸಬಹುದು. ನೀವು ಮುಂದೆ ಯಾವ ಮನೆ ಒತ್ತುತ್ತೀರಿ ಎಂಬುದು ಲ್ಯಾಪ್‌ಟಾಪಿಗೆ ಗೊತ್ತಿಲ್ಲ, ಆದ್ದರಿಂದ ಹಾರ್ಮೋನಿಯಂ ನಾದವನ್ನು ಆಗಿಂದಾಗಲೇ ಬೇಯಿಸಬೇಕು.

ಹಾಗಾದರೆ ವೈಫೈ ಆಫ್ ಮಾಡಿದಾಗ ಕಡಿಮೆಯಾದದ್ದು ಹೇಗೆ?

ರೇಡಿಯೋ ಅಲೆಗಳಿಂದಲ್ಲ. ಸಂಖ್ಯೆಗಳಾಗಿ ಓಡಾಡುವ ನಾದದೊಳಗೆ ವೈಫೈ ಅಲೆ ನುಗ್ಗಿ ಚಟಪಟ ಎಬ್ಬಿಸುವುದಿಲ್ಲ. ತೊಂದರೆ ಕೊಡುವುದು ವೈಫೈ ಸಾಧನವನ್ನು ನಡೆಸುವ ಚಿಕ್ಕ ಸಾಫ್ಟ್‌ವೇರ್, ಅಂದರೆ ಡ್ರೈವರ್.

ಕಂಪ್ಯೂಟರಿನಲ್ಲಿ ಡ್ರೈವರುಗಳ ಕೆಲವು ಕೆಲಸಗಳಿಗೆ ಉಳಿದೆಲ್ಲಕ್ಕಿಂತ ಮೊದಲ ಆದ್ಯತೆ. ವೈಫೈ ಡ್ರೈವರ್ ಸಿಗ್ನಲ್ ಹುಡುಕಲು ಎದ್ದಾಗ ಪ್ರೊಸೆಸರಿನ ಉಳಿದ ಕೆಲಸ ಆ ಕ್ಷಣಕ್ಕೆ ನಿಲ್ಲುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಒಬ್ಬರು ಗ್ಯಾಸ್ ಸಿಲಿಂಡರ್ ಇಳಿಸುತ್ತಾ ನಿಂತರೆ ಸಾರು ಸಿದ್ಧವಿದ್ದರೂ ಬಕೆಟ್ ಹೊರಗೆ ಬರುವುದಿಲ್ಲವಲ್ಲ, ಹಾಗೆ. ಸರಿಯಾಗಿ ಬರೆದ ಡ್ರೈವರ್ ಬಾಗಿಲನ್ನು ಕಣ್ಣು ಮಿಟುಕಿಸುವುದರೊಳಗೆ ಬಿಟ್ಟುಕೊಡುತ್ತದೆ. ಹಳೆಯದೋ ದೋಷವುಳ್ಳದ್ದೋ ಆದರೆ ಕೆಲವು ಮಿಲಿಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ. 5.3 ಮಿಲಿಸೆಕೆಂಡಿನ ಗಡುವಿರುವಲ್ಲಿ ಅಷ್ಟೇ ಸಾಕು.

ವಿಂಡೋಸಿನಲ್ಲಿ ಬಾಗಿಲು ಹಿಡಿದವರು ಯಾರು ಎಂದು ನೋಡಲು ಲೇಟೆನ್ಸಿಮಾನ್ ಎಂಬ ಸಾಧನವಿದೆ. ಯಾವ ಡ್ರೈವರ್ ಎಷ್ಟು ಹೊತ್ತು ತಡೆದಿದೆ ಎಂದು ಅದು ತೋರಿಸುತ್ತದೆ. ಕೆಲವು ಸಲ ಅಪರಾಧಿ ವೈಫೈ ಅಲ್ಲ, ಗ್ರಾಫಿಕ್ಸ್ ಡ್ರೈವರೋ ಬ್ಲೂಟೂತೋ ಆಗಿರುತ್ತದೆ. ಡ್ರೈವರ್ ಅಪ್‌ಡೇಟ್ ಮಾಡಿದರೆ ವೈಫೈ ಆನ್ ಇಟ್ಟುಕೊಂಡೇ ನುಡಿಸಲು ಸಾಧ್ಯವಾಗಬಹುದು. ಕಾರಣ ತಿಳಿದದ್ದರ ಲಾಭ ಇದು.

ಕರೆಂಟ್ ಹೋದಾಗ ಹೆಚ್ಚಾದದ್ದೇಕೆ?

ಕಳಸ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಹೊಸದಲ್ಲ. ಕರೆಂಟ್ ಏರಿಳಿತದಿಂದಲೇ ಸದ್ದು ಕೆಡುತ್ತದೆ ಎಂಬುದು ಹಲವರ ಊಹೆ. ಆದರೆ ಗೋಡೆಯ ಕರೆಂಟ್ ನೇರವಾಗಿ ನಾದದ ಲೆಕ್ಕಕ್ಕೆ ಬರುವುದಿಲ್ಲ. ಅಡಾಪ್ಟರ್ ಅದನ್ನು ಕಡಿಮೆ ವೋಲ್ಟೇಜಿನ ಡಿಸಿಯಾಗಿ ಬದಲಾಯಿಸುತ್ತದೆ, ಜೊತೆಗೆ ಬ್ಯಾಟರಿಯೂ ಇದೆ.

ನಡೆಯುವುದು ಬೇರೆ. ಚಾರ್ಜರ್‌ಗೆ ಕರೆಂಟ್ ನಿಂತ ಕೂಡಲೇ ಹೆಚ್ಚಿನ ಲ್ಯಾಪ್‌ಟಾಪುಗಳು ಬ್ಯಾಟರಿ ಉಳಿಸಲು ಪ್ರೊಸೆಸರಿನ ವೇಗ ತಗ್ಗಿಸುತ್ತವೆ. ಅಡುಗೆಯವರ ಕೈ ನಿಧಾನವಾಯಿತು, ಬಡಿಸುವವರ ನಡಿಗೆ ಹಾಗೆಯೇ ಇದೆ. ನಮ್ಮ ಓದುಗರ ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೆ ಲ್ಯಾಪ್‌ಟಾಪ್ ಹಾಕಿದ್ದ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರಲಿಲ್ಲ. ಪ್ಲಗ್ ಬದಲಾಯಿಸಿ, ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಹೆಚ್ಚಿನ ಕಾರ್ಯಕ್ಷಮತೆಯ ಆಯ್ಕೆ ಮಾಡಿದರು. ಸಮಸ್ಯೆಯ ದೊಡ್ಡ ಪಾಲು ಅಲ್ಲಿಗೆ ಮುಗಿಯಿತು.

ಬಿಸಿಯೂ ಹೀಗೆಯೇ ಕೆಲಸ ಮಾಡುತ್ತದೆ. ಜಮಖಾನೆಯ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಗಾಳಿಯ ಕಿಂಡಿ ಮುಚ್ಚಿ, ಬಿಸಿ ಏರಿ, ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಭಜನೆಯ ಮೊದಲ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಚಟಪಟ ಶುರುವಾದರೆ ಇದನ್ನು ಅನುಮಾನಿಸಿ. ಕೆಳಗೊಂದು ಮಣೆ ಇಟ್ಟರೂ ಸಾಕಾದೀತು.

ಬಕೆಟ್ ದೊಡ್ಡದು ಮಾಡಿದರೆ?

ಬಫರನ್ನು 256ರಿಂದ 512ಕ್ಕೆ ಏರಿಸಿದರೆ ಗಡುವು 10.7 ಮಿಲಿಸೆಕೆಂಡ್ ಆಗುತ್ತದೆ, 1024ಕ್ಕೆ ಏರಿಸಿದರೆ 21.3. ಚಟಪಟ ನಿಲ್ಲಿಸಲು ಮೊದಲು ಮುಟ್ಟಬೇಕಾದ ಸೆಟ್ಟಿಂಗ್ ಇದೇ. ಆದರೆ ಇದಕ್ಕೂ ಬೆಲೆ ಇದೆ. ಪಂಕ್ತಿಯಲ್ಲಿ 'ಉಪ್ಪು ಸ್ವಲ್ಪ ಕಡಿಮೆ' ಎಂದರೆ, ಕೈಯಲ್ಲಿರುವ ಬಕೆಟ್ ಮುಗಿದು ಹೊಸದು ಬರುವವರೆಗೆ ಕಾಯಲೇಬೇಕು. ಬಕೆಟ್ ದೊಡ್ಡದಾದಷ್ಟೂ ಕಾಯುವುದು ಹೆಚ್ಚು. ಕೀಬೋರ್ಡಿನಲ್ಲಿ ಇದು ಮನೆ ಒತ್ತಿದ ಮೇಲೆ ನಾದ ಬರುವ ತಡವಾಗಿ ಕಾಣುತ್ತದೆ. ನಿಜವಾದ ತಡ ಒಂದು ಬಫರಿಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ.

ಎಷ್ಟು ತಡ ಸಹಿಸಬಹುದು? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 10 ಮಿಲಿಸೆಕೆಂಡ್ ಎಂದರೆ ಮೂರೂವರೆ ಮೀಟರ್ ದೂರದ ಸ್ಪೀಕರಿನ ಸದ್ದು ಕೇಳಿದಷ್ಟು. ಅಷ್ಟಕ್ಕೆ ಹೆಚ್ಚಿನವರ ಕೈ ಹೊಂದಿಕೊಳ್ಳುತ್ತದೆ. ಇನ್ನೂ ಹೆಚ್ಚಾದರೆ ತಾಳ ಜಾರುತ್ತದೆ. ಬ್ಲೂಟೂತ್ ಸ್ಪೀಕರಿನಲ್ಲಿ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟುವುದರಿಂದ ತಂಬೂರಿ ಶ್ರುತಿಗೆ ಅದು ನಡೆದೀತು, ನುಡಿಸಲು ಒಗ್ಗದು. ತಂತಿ ಬಳಸಿ.

ವಿಂಡೋಸಿನಲ್ಲಿ ಇನ್ನೊಂದು ವಿಷಯ: ಸಾಮಾನ್ಯ ಆಡಿಯೋ ದಾರಿ ಸಂಗೀತ ನುಡಿಸಲೆಂದು ಮಾಡಿದ್ದಲ್ಲ. ಆ ದಾರಿ ಬಿಟ್ಟು ನೇರವಾಗಿ ಸಾಧನದ ಜೊತೆ ಮಾತಾಡಲು ಸ್ಟೈನ್‌ಬರ್ಗ್ ಕಂಪನಿ ಆಸಿಯೋ ಎಂಬ ವ್ಯವಸ್ಥೆ ತಂದಿತು. ನಿಮ್ಮ ಸಾಧನಕ್ಕೆ ಅದರದ್ದೇ ಆಸಿಯೋ ಡ್ರೈವರ್ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಉಚಿತವಾಗಿ ಸಿಗುವ ಆಸಿಯೋಫೋರ್ಆಲ್ ಪ್ರಯತ್ನಿಸಬಹುದು.

'ಪ್ರೊಸೆಸರ್ 30% ಮಾತ್ರ ಬಳಕೆಯಾಗಿದೆಯಲ್ಲ?'

ಟಾಸ್ಕ್ ಮ್ಯಾನೇಜರ್ ನೋಡಿ ಹಲವರು ಕೇಳುವ ಪ್ರಶ್ನೆ. ಅಲ್ಲಿ ಕಾಣುವುದು ಸರಾಸರಿ. ದಿನವಿಡೀ ಬೇಕಾದಷ್ಟು ಸಾರು ಮಾಡಿದ್ದೇವೆ ಎಂದು ಅಡುಗೆಯವರು ಹೇಳಬಹುದು, ಆದರೆ ಒಂದೂಕಾಲು ಗಂಟೆಗೆ ಬಕೆಟ್ ಖಾಲಿ ಇದ್ದದ್ದೂ ನಿಜ. ಅಲ್ಲದೆ ಒಂದು ವಾದ್ಯದ ಲೆಕ್ಕ ಸಾಮಾನ್ಯವಾಗಿ ಒಂದೇ ಕೋರಿನ ಮೇಲೆ ಬೀಳುತ್ತದೆ. ಅದು ತುಂಬಿ ತುಳುಕುತ್ತಿದ್ದರೂ ಉಳಿದವು ಖಾಲಿ ಇರುವುದರಿಂದ ಸರಾಸರಿ ಕಡಿಮೆ ಕಾಣುತ್ತದೆ.

'ರ‍್ಯಾಮ್ ಹಾಕಿಸಿ' ಎಂಬ ಸಲಹೆಯೂ ಎಲ್ಲರಿಗೂ ಹೊಂದುವುದಿಲ್ಲ. ನಿಜವಾದ ವಾದ್ಯದ ಧ್ವನಿಮುದ್ರಣ ಬಳಸುವ ದೊಡ್ಡ ಸಾಫ್ಟ್‌ವೇರುಗಳಲ್ಲಿ ಪ್ರತಿ ಸ್ವರದ ಮೊದಲ ತುಣುಕು ರ‍್ಯಾಮಿನಲ್ಲಿರುತ್ತದೆ, ಉಳಿದದ್ದು ಡಿಸ್ಕಿನಿಂದ ಬರುತ್ತದೆ. ಅಲ್ಲಿ ರ‍್ಯಾಮ್ ತುಂಬಿದ್ದರೆ ಅಥವಾ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ, ರ‍್ಯಾಮ್ ಅಥವಾ ಎಸ್‌ಎಸ್‌ಡಿ ಹಾಕಿಸುವುದು ಸಹಾಯಕ. ಚಿಕ್ಕ ಹಾರ್ಮೋನಿಯಂ ಸಾಫ್ಟ್‌ವೇರಿಗೆ ಅದು ದುಡ್ಡು ದಂಡ.

ಎಲ್ಲ ಸದ್ದೂ ಒಂದೇ ಅಲ್ಲ

ನುಡಿಸಿದ್ದನ್ನು ಸಾಫ್ಟ್‌ವೇರಿನಲ್ಲೇ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಕೇಳಿ. ಫೈಲ್ ಸ್ವಚ್ಛವಾಗಿದ್ದರೆ ಸಮಸ್ಯೆ ಗಡುವಿನದು. ಫೈಲಿನಲ್ಲೂ ಜೋರು ಜಾಗದಲ್ಲಿ ಕರಕರ ಎಂದರೆ ವಾಲ್ಯೂಮ್ ಮಿತಿ ದಾಟಿದೆ, ಸಾಫ್ಟ್‌ವೇರಿನೊಳಗೆ ವಾದ್ಯದ ವಾಲ್ಯೂಮ್ ಇಳಿಸಿ. ಕೇಬಲ್ ಅಲುಗಿಸಿದಾಗ ಮಾತ್ರ ಬಂದರೆ ಕೇಬಲ್ ಬದಲಾಯಿಸಿ.

ನುಡಿಸದಿದ್ದರೂ ಒಂದೇ ಸಮನೆ 'ಗುಂಯ್' ಎನ್ನುತ್ತಿದ್ದರೆ ಅದು ಬೇರೆಯೇ ಕಥೆ. ಚಾರ್ಜರ್ ತೆಗೆದ ಕೂಡಲೇ ನಿಂತರೆ ಅರ್ಥಿಂಗಿನ ಸಮಸ್ಯೆ. ಇದಕ್ಕೆ ಪ್ಲಗ್ಗಿನ ಮೂರನೇ ಪಿನ್ ಮುರಿದು ಹಾಕಿ ಎಂಬ ಸಲಹೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಉಪಕರಣದಲ್ಲಿ ಕರೆಂಟ್ ಸೋರಿದರೆ ಜೀವ ಉಳಿಸುವುದು ಅದೇ ಪಿನ್, ಅದರಲ್ಲೂ ನೆಲ ಗೋಡೆ ತೇವವಾಗಿರುವ ಮಲೆನಾಡಿನ ಮಳೆಗಾಲದಲ್ಲಿ. ಲ್ಯಾಪ್‌ಟಾಪನ್ನೂ ಆಂಪ್ಲಿಫಯರನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಆಡಿಯೋ ತಂತಿಗೆ ಜೋಡಿಸುವ ಗ್ರೌಂಡ್ ಲೂಪ್ ಐಸೋಲೇಟರ್ ಬಳಸಿ.

ಫೋನಿನಲ್ಲಿ ನುಡಿಸುವವರಿಗೆ

ಫೋನಿನ ತಂಬೂರಿ ಆಪ್ ಪರದೆ ಆರಿದ ಸ್ವಲ್ಪ ಹೊತ್ತಿಗೆ ನಿಂತುಹೋದರೆ ಆಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆಂಡ್ರಾಯ್ಡಿನ ಬ್ಯಾಟರಿ ಉಳಿತಾಯ ಅದನ್ನು ನಿಲ್ಲಿಸಿರಬಹುದು. ಸೆಟ್ಟಿಂಗ್ಸಿನಲ್ಲಿ ಆ ಆಪ್‌ಗೆ ಮಾತ್ರ ವಿನಾಯಿತಿ ಕೊಡಿ. ಚಟಪಟ ತೆಗೆಯುತ್ತದೆ ಎಂದು ಲಿಂಕಿನ ಮೂಲಕ ಬರುವ ಯಾವುದೇ ಆಪ್ ಹಾಕಿಕೊಳ್ಳಬೇಡಿ. ತಡವಾದ ಲೆಕ್ಕವನ್ನು ಹೊಸ ಆಪ್ ಬೇಗ ಮುಗಿಸಿಕೊಡದು, ಪ್ರೊಸೆಸರಿಗೆ ಇನ್ನೊಂದು ಕೆಲಸ ಸೇರುತ್ತದೆ ಅಷ್ಟೇ.

ಏನನ್ನು ಮೊದಲು ಮಾಡಬೇಕು?

1. ಯೂಟ್ಯೂಬ್ ಹಾಡು ಹಾಕಿ ಸ್ಪೀಕರ್ ಪರೀಕ್ಷಿಸಿ.
2. ಚಾರ್ಜರ್ ಹಾಕಿ, ಪವರ್ ಸೆಟ್ಟಿಂಗ್ ಬದಲಾಯಿಸಿ, ಬ್ರೌಸರ್ ಮುಚ್ಚಿ.
3. ಆಸಿಯೋ ಆರಿಸಿ, ಬಫರ್ 256ರಲ್ಲಿ ಇಡಿ. ಚಟಪಟ ಬಂದರೆ 512ಕ್ಕೆ ಏರಿಸಿ.
4. ಸಾಫ್ಟ್‌ವೇರ್ ಮತ್ತು ಸೌಂಡ್ ಸಾಧನ ಎರಡರಲ್ಲೂ 44,100 ಅಥವಾ 48,000, ಒಂದೇ ಇರಲಿ.
5. ವೈಫೈ, ಬ್ಲೂಟೂತ್ ಆಫ್ ಮಾಡಿ ನೋಡಿ. ವ್ಯತ್ಯಾಸ ಕಂಡರೆ ಡ್ರೈವರ್ ಅಪ್‌ಡೇಟ್ ಮಾಡಿ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಐದನ್ನೂ ಒಟ್ಟಿಗೆ ಮಾಡಿದರೆ ಸರಿಹೋದದ್ದು ಯಾವುದರಿಂದ ಎಂದು ನಿಮಗೇ ತಿಳಿಯುವುದಿಲ್ಲ.

ನಮ್ಮ ಓದುಗರು ಕೊನೆಗೆ ಬಫರನ್ನು 512ರಲ್ಲಿ ನಿಲ್ಲಿಸಿದ್ದಾರೆ, ಹಳೆಯ ಲ್ಯಾಪ್‌ಟಾಪಿನಲ್ಲೇ ನುಡಿಸುತ್ತಿದ್ದಾರೆ. ಆ ಫಾರ್ವರ್ಡ್ ನಿಮಗೂ ಬಂದರೆ ಕಳಿಸಿದವರನ್ನು ಬೈಯಬೇಡಿ, ಅವರ ವೈಫೈ ಉಪಾಯ ಫಲಿಸಿದ್ದು ಸುಳ್ಳಲ್ಲ. ಯಾಕೆ ಫಲಿಸಿತು ಎಂಬುದನ್ನು ಸೇರಿಸಿ ಮರಳಿ ಕಳಿಸಿ. ಯಾರದೋ ಮನೆಯಲ್ಲಿ ಒಂದು ಲ್ಯಾಪ್‌ಟಾಪಿನ ದುಡ್ಡು ಉಳಿದೀತು.