ವಂಶದಲ್ಲಿ ಇಲ್ಲ ಅಂದಮಾತ್ರಕ್ಕೆ...



“ನಮ್ಮ ವಂಶದಲ್ಲಿ ಯಾರಿಗೂ ಎದೆಯ ಕ್ಯಾನ್ಸರ್ ಬಂದಿಲ್ಲ ಕಣ್ರೀ, ನನಗ್ಯಾಕೆ ಬರುತ್ತೆ?” ಎಂದರು ನಮ್ಮ ಬೀದಿಯ ಒಬ್ಬರು. ಅವರ ಎದೆಯಲ್ಲಿ ಅಡಿಕೆ ಗಾತ್ರದ ಗಂಟಿದೆ. ನೋವಿಲ್ಲವಂತೆ, ಅದಕ್ಕೇ ಯಾರಿಗೂ ತೋರಿಸಿಲ್ಲ!

ವಂಶಕ್ಕೂ ಈ ರೋಗಕ್ಕೂ ನಂಟಿರುವುದು ನಿಜವೇ. ಅಮೆರಿಕದ ಹವಾಯಿ ಮತ್ತು ಲಾಸ್ ಏಂಜಲೀಸ್‌ನಲ್ಲಿ 1993ರಿಂದ 1996ರೊಳಗೆ ಎರಡು ಲಕ್ಷಕ್ಕೂ ಹೆಚ್ಚು ಜನರ ಹೆಸರು ಬರೆದುಕೊಂಡು, ಆಮೇಲೆ ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸಿದರು. ಬಿಳಿಯರು, ಆಫ್ರಿಕಾ ಮೂಲದವರು, ಜಪಾನಿ ಮೂಲದವರು, ಹವಾಯಿಯ ಮೂಲನಿವಾಸಿಗಳು, ಮೆಕ್ಸಿಕೊ ಮುಂತಾದ ಕಡೆಯ ಲ್ಯಾಟಿನೋ ಜನ, ಎಲ್ಲರೂ ಇದ್ದರು. ಎದೆಯ ಕ್ಯಾನ್ಸರ್ ಹವಾಯಿ ಮೂಲದ ಹೆಂಗಸರಲ್ಲಿ ಹೆಚ್ಚು, ಲ್ಯಾಟಿನೋ ಹೆಂಗಸರಲ್ಲಿ ಕಡಿಮೆ.

ಯಾಕೆ ಹೀಗೆ? ಹೆಣ್ಣಿನ ಮೈಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇದೆಯಲ್ಲ, ಎದೆಯ ಜೀವಕೋಶಗಳಿಗೆ ‘ಬೆಳೆಯಿರಿ’ ಎಂದು ಹೇಳುವುದು ಅದು. ಅದನ್ನು ತಯಾರಿಸಲು ಕೆಲವು ಜೀನುಗಳು, ಅದರ ಮಾತನ್ನು ಜೀವಕೋಶಕ್ಕೆ ಮುಟ್ಟಿಸಲು ಇನ್ನೊಂದು. ಸಾರಿನಪುಡಿಯ ಅಳತೆ ಮನೆಮನೆಗೆ ಬೇರೆಯಾಗುವಂತೆ ಈ ಜೀನುಗಳಲ್ಲೂ ಚೂರುಪಾರು ವ್ಯತ್ಯಾಸ. ಬಹಳಷ್ಟು ವ್ಯತ್ಯಾಸಗಳ ಪರಿಣಾಮ ಒಂದು ಉಪ್ಪಿನ ಹರಳಿನಷ್ಟು, ಅಷ್ಟೇ. ಆದರೆ 2014ರಲ್ಲಿ, ಹೀಗೆ ಮಾತು ಮುಟ್ಟಿಸುವ ಜೀನಿನ ಪಕ್ಕದಲ್ಲೇ ದೊಡ್ಡದೊಂದು ಸಿಕ್ಕಿತು. ಅದು ಅಮೆರಿಕ ಖಂಡದ ಮೂಲನಿವಾಸಿಗಳಿಂದ ಇಳಿದು ಬಂದದ್ದು. ಸುಮಾರು ಐವರು ಲ್ಯಾಟಿನೋ ಹೆಂಗಸರಲ್ಲಿ ಒಬ್ಬರಿಗೆ ಅದಿದೆ. ಅಂಥವರಿಗೆ ಈ ರೋಗದ ಅಪಾಯ ಶೇಕಡಾ 40ರಷ್ಟು ಕಡಿಮೆ. ಅಜ್ಜಿ ಕೊಟ್ಟ ಬಳುವಳಿ ಅಂದರೆ ಇದಪ್ಪ!

ಹಾಗಂತ ಎಲ್ಲವನ್ನೂ ರಕ್ತದ ಮೇಲೆ ಹಾಕುವಂತಿಲ್ಲ. ಜಪಾನಿನಲ್ಲಿ ಈ ರೋಗ ಕಡಿಮೆಯಿತ್ತು. ಅಲ್ಲಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರ ಮಗಳು, ಮೊಮ್ಮಗಳ ಕಾಲಕ್ಕೆ ಅದು ಬಿಳಿಯರ ಮಟ್ಟಕ್ಕೇ ಏರಿತು. ಎರಡು ತಲೆಮಾರಿನಲ್ಲಿ ಜೀನು ಬದಲಾಗುತ್ತದೆಯೇ? ಬದಲಾದದ್ದು ಬದುಕುವ ರೀತಿ: ಊಟ, ಮೈತೂಕ, ಮೊದಲ ಹೆರಿಗೆಯ ವಯಸ್ಸು.

ಇನ್ನು ನಮ್ಮ ವಿಷಯ. ಭಾರತದ ಹೆಂಗಸರಲ್ಲಿ ಈಗ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಚಿಕ್ಕ ವಯಸ್ಸಿಗೇ ಬರುತ್ತದೆ. ನೂರು ರೋಗಿಗಳಲ್ಲಿ, ವಂಶದಿಂದ ಬಂದ ದೋಷವುಳ್ಳ ಜೀನು ಕಾರಣವಾಗಿರುವುದು ಐದರಿಂದ ಹತ್ತು ಮಂದಿಗೆ ಮಾತ್ರ. ಮಿಕ್ಕವರಲ್ಲಿ ಬಹುಮಂದಿ ‘ನಮ್ಮಲ್ಲಿ ಯಾರಿಗೂ ಇಲ್ಲ’ ಅಂದುಕೊಂಡೇ ಇದ್ದವರು. ಇನ್ನೊಂದು, ವಂಶ ಅಂದರೆ ತಾಯಿಯ ಕಡೆಯಷ್ಟೇ ಅಂತ ತಿಳಿಯಬೇಡಿ. ಬಿ.ಆರ್.ಸಿ.ಎ. ಎಂಬ ಜೀನುಗಳ ದೋಷ ತಂದೆಯಿಂದಲೂ ಮಗಳಿಗೆ ಬರಬಹುದು. ಸೋದರತ್ತೆಯರ ವಿಚಾರವನ್ನೂ ಕೇಳಿ ತಿಳಿದುಕೊಳ್ಳಿ.

ಗಂಟು ಕೈಗೆ ಸಿಕ್ಕಿದರೆ, ನೋವಿಲ್ಲದಿದ್ದರೂ, ‘ಹಬ್ಬ ಮುಗಿಯಲಿ’ ಅನ್ನದೆ ಆ ವಾರವೇ ಡಾಕ್ಟರಿಗೆ ತೋರಿಸಿ. ಹೋಗುವಾಗ ಎರಡೂ ಕಡೆಯಲ್ಲಿ ಯಾರಿಗೆ, ಎಷ್ಟನೇ ವಯಸ್ಸಿಗೆ ಯಾವ ಕ್ಯಾನ್ಸರ್ ಬಂದಿತ್ತು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅವರು ಕೇಳಿಯೇ ಕೇಳುತ್ತಾರೆ.