ಹಾಡಿನೊಳಗಿನ ಊರು

ಪರಿಸರದ ಪತ್ರಿಕೆಗೂ ಪ್ಯಾಲೆಸ್ತೀನಿನ ಹಾಡಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಪ್ಯಾಲೆಸ್ತೀನಿನ ಜಾನಪದ ಗೀತೆ, ಅಮೆರಿಕದ ಕಪ್ಪು ಜನರು ಕಟ್ಟಿದ ಜಾಝ್ ಸಂಗೀತ, ಕವಿತೆ ಮತ್ತು ಗದ್ಯದ ವಾಚನ, ಈ ಮೂರನ್ನೂ ಒಂದೇ ವೇದಿಕೆಗೆ ತರುವ ಕಚೇರಿಗಳು ಪಶ್ಚಿಮದ ನಗರಗಳಲ್ಲಿ ನಡೆಯುತ್ತ ಬಂದಿವೆ. 2023ರ ಅಕ್ಟೋಬರಿನಲ್ಲಿ ಗಾಜಾದ ಯುದ್ಧ ಆರಂಭವಾದ ಬಳಿಕ ಅವುಗಳಿಗೆ ಬೇರೆಯದೇ ತೂಕ ಬಂದಿದೆ. ಇವನ್ನು ಮೆಚ್ಚುವವರಿದ್ದಾರೆ, ಕಲಬೆರಕೆಯೆಂದು ಜರೆಯುವವರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಇವನ್ನು ಅಳೆಯಬೇಕಾದ ಕೋಲು ಸಂಗೀತಶಾಸ್ತ್ರದ್ದಲ್ಲ, ನೆಲದ್ದು.

ಈ ಗೀತೆಗಳಲ್ಲಿ ಬಹುಪಾಲು ಕುಳಿತು ಕೇಳುವುದಕ್ಕೆಂದು ಹುಟ್ಟಿದವಲ್ಲ. ಆಲಿವ್ ಕಾಯಿ ಕೊಯ್ಯುವಾಗ, ಗೋಧಿ ಕಟಾವು ಮಾಡುವಾಗ, ಮದುಮಗಳಿಗೆ ಮದರಂಗಿ ಹಚ್ಚುವಾಗ, ಮಗುವನ್ನು ತೂಗುವಾಗ ಹಾಡಿದವು. ದಲೋನಾ ಎಂಬ ಪ್ರಸಿದ್ಧ ಮಟ್ಟಿನ ಹೆಸರು ‘ಔನೆ’, ಅಂದರೆ ಪರಸ್ಪರ ನೆರವು, ಎಂಬ ಮಾತಿನಿಂದ ಬಂದಿತೆಂದು ಅಲ್ಲಿನವರು ಹೇಳುತ್ತಾರೆ. ನಮ್ಮ ಮುಯ್ಯಾಳಿನ ಪದ್ಧತಿಯನ್ನು ನೆನೆದುಕೊಂಡರೆ ಅರ್ಥವಾದೀತು. ಒಬ್ಬನ ಮನೆಗೆ ಮಣ್ಣಿನ ಮಾಳಿಗೆ ಹಾಕುವ ದಿನ ನೆರೆಯವರೆಲ್ಲ ಕೈಕೈ ಹಿಡಿದು ಸಾಲಾಗಿ ನಿಂತು ಮಣ್ಣು ತುಳಿದು ಗಟ್ಟಿಮಾಡುತ್ತಿದ್ದರಂತೆ. ಆ ತುಳಿತವೇ ದಬ್ಕೆ ಎಂಬ ಕುಣಿತವಾಯಿತೆಂಬುದು ಜನರ ನಂಬಿಕೆ. ಈ ಕುಣಿತ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿದ್ದು 2023ರ ಡಿಸೆಂಬರಿನಲ್ಲಿ. ಅದೇ ದಿನಗಳಲ್ಲಿ ಗಾಜಾದಲ್ಲಿ ಮನೆಗಳ ಮಾಳಿಗೆಗಳು ಜನರ ಮೇಲೆ ಕುಸಿಯುತ್ತಿದ್ದವು.

1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ನೆಲೆ ಕಳೆದುಕೊಂಡರು. ನಾಲ್ಕು ನೂರಕ್ಕೂ ಮಿಕ್ಕಿ ಊರುಗಳು ಬರಿದಾದವು. ಕಣವಿಲ್ಲದ ಮೇಲೆ ಕಣದ ಹಾಡನ್ನು ಎಲ್ಲಿ ಹಾಡುವುದು? ಅದು ಹೆಂಗಸರ ನೆನಪಿನಲ್ಲಿ ಲೆಬನಾನಿನ ನಿರಾಶ್ರಿತರ ಶಿಬಿರಗಳಿಗೆ ಹೋಯಿತು. ಮ್ಯಾಂಚೆಸ್ಟರಿನಲ್ಲಿ ಹುಟ್ಟಿ ಕುವೈತಿನಲ್ಲಿ ಬೆಳೆದ ಗಾಯಕಿ ರೀಮ್ ಕೇಲಾನಿ ಇಂಥ ಹಾಡುಗಳನ್ನು ಪ್ಯಾಲೆಸ್ತೀನಿನಲ್ಲೂ ಶಿಬಿರಗಳಲ್ಲೂ ವೃದ್ಧೆಯರ ಬಾಯಿಂದ ಕೇಳಿ ಕಲಿತು, 2006ರಲ್ಲಿ ‘ಸ್ಪ್ರಿಂಟಿಂಗ್ ಗಜೆಲ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಜೊತೆಗೆ ನುಡಿಸಿದವರಲ್ಲಿ ಜಾಝ್ ವಾದಕರಿದ್ದರು. ಪಿಯಾನೋದಲ್ಲಿ ಬಂಗಾಳಿ ಮೂಲದ ತಂದೆಯ ಮಗಳು ಜೋ ರಹಮಾನ್. ಜಾನಪದ ಗೀತೆಯ ಜೊತೆಗೆ ಮಹಮೂದ್ ದರ್ವೀಶರ ಕವಿತೆಗೂ ಅದರಲ್ಲಿ ರಾಗ ಕೂಡಿಸಲಾಗಿದೆ. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ನಿಂತು, ಈ ಹಾಡು ಯಾವ ಸೀಮೆಯದು, ಯಾವ ಕೆಲಸದ್ದು ಎಂದು ಸಭಿಕರಿಗೆ ವಿವರಿಸುವುದು ಕೇಲಾನಿಯವರ ಕಚೇರಿಗಳ ಕ್ರಮ. ಕೆಲವರಿಗೆ ಇದು ಪಾಠವೆನಿಸುತ್ತದೆ. ನನಗೆ ಕಚೇರಿಯ ಪ್ರಾಣವೇ ಅಲ್ಲಿದೆಯೆನಿಸುತ್ತದೆ.

ಕಲಬೆರಕೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅರಬ್ ಸಂಗೀತದ ಬಯಾತಿ, ರಾಸ್ತ್ ಮುಂತಾದ ಮಕಾಮುಗಳಲ್ಲಿ, ಅವನ್ನು ಸ್ಥೂಲವಾಗಿ ರಾಗಗಳೆನ್ನಬಹುದು, ಪಿಯಾನೋದ ಎರಡು ಅಕ್ಕಪಕ್ಕದ ಮನೆಗಳ ನಡುವೆ ಬೀಳುವ ಸ್ವರಗಳಿವೆ. ಪಿಯಾನೋದಲ್ಲಿ ಅವು ಇಲ್ಲವೇ ಇಲ್ಲ. (ಹಾರ್ಮೋನಿಯಂ ಕುರಿತು ನಮ್ಮ ವಿದ್ವಾಂಸರ ದೂರೂ ಇಂಥದೇ ಆಗಿತ್ತು; ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿರಿಸಿತ್ತು.) ವಿವೇಕವಿಲ್ಲದ ಮೇಳ ಆ ಸ್ವರವನ್ನೇ ಪಕ್ಕಕ್ಕೆ ಸರಿಸಿ ಹಾಡನ್ನು ಪಿಯಾನೋದ ಅಳತೆಗೆ ಕತ್ತರಿಸುತ್ತದೆ. ವಿವೇಕವಿರುವ ಮೇಳದಲ್ಲಿ ಆ ಜಾಗ ಬಂದಾಗ ಪಿಯಾನೋ ಸುಮ್ಮನಾಗುತ್ತದೆ. ಕಂಠಕ್ಕೋ, ಊದ್ ವಾದ್ಯಕ್ಕೋ, ಸ್ವರವನ್ನು ಬಾಗಿಸಬಲ್ಲ ಕ್ಲಾರಿನೆಟ್ಟಿಗೋ ದಾರಿ ಬಿಡುತ್ತದೆ. ಯಾರು ಯಾರಿಗೆ ಜಾಗ ಬಿಟ್ಟರೆಂಬುದನ್ನು ಕಿವಿಗೊಟ್ಟು ಕೇಳಿದರೆ ಆ ಕಚೇರಿಯ ಪ್ರಾಮಾಣಿಕತೆ ತಿಳಿದುಹೋಗುತ್ತದೆ.

ಜಾಝ್ ಸಹ ಬೇರು ಕಿತ್ತ ಜನರಿಂದಲೇ ಬಂದದ್ದು. ಆಫ್ರಿಕದಿಂದ ಹಡಗಿನಲ್ಲಿ ಸಾಗಿಸಲ್ಪಟ್ಟು ಅನ್ಯರ ಹೊಲದಲ್ಲಿ ದುಡಿದವರ ಕೆಲಸದ ಹಾಡು ಅದರ ಮೂಲಗಳಲ್ಲೊಂದು. ಸ್ವರವನ್ನು ಬಾಗಿಸಿ ಹಾಡುವ ರೂಢಿ ಅವರಲ್ಲೂ ಇತ್ತು. ವಾಚನವೂ ಅದಕ್ಕೆ ಹೊಸತಲ್ಲ. ಲ್ಯಾಂಗ್‌ಸ್ಟನ್ ಹ್ಯೂಸ್ 1958ರಲ್ಲೇ ಚಾರ್ಲ್ಸ್ ಮಿಂಗಸ್ ಮೊದಲಾದವರ ವಾದನದೊಡನೆ ತಮ್ಮ ಕವಿತೆಗಳನ್ನು ಓದಿ ಮುದ್ರಿಸಿದ್ದರು. ಆದುದರಿಂದ ಈ ಕೂಡಿಕೆಯನ್ನು ಕೇವಲ ನಗರದ ಶೋಕಿಯೆನ್ನಲಾಗದು.

ಇನ್ನು ವಾಚನದ ಭಾಗ. ಹಾಡು ಕಣ್ಣೀರು ತರಿಸಬಲ್ಲದು, ಆದರೆ ನೆಲ ಹೇಗೆ ಕೈತಪ್ಪಿತೆಂಬುದನ್ನು ವಿವರಿಸಲಾರದು. ಅದಕ್ಕೆ ಗದ್ಯ ಬೇಕು. ರಾಮಲ್ಲಾದ ವಕೀಲ ರಾಜಾ ಶಹಾದೆಯವರ ‘ಪ್ಯಾಲೆಸ್ತೀನಿಯನ್ ವಾಕ್ಸ್’ 2007ರಲ್ಲಿ ಪ್ರಕಟವಾಗಿ ಮರುವರ್ಷ ಆರ್ವೆಲ್ ಬಹುಮಾನ ಪಡೆಯಿತು. ತಾವು ದಶಕಗಳ ಕಾಲ ಸುತ್ತಾಡಿದ ಗುಡ್ಡಗಳು ಕಣ್ಣೆದುರೇ ಕಾಣೆಯಾದ ಕಥೆ ಅದು. ಮಲೆನಾಡಿನ ವಿದ್ಯಾರ್ಥಿಗಳು ಓದಲೇಬೇಕಾದ ಪುಸ್ತಕ. 1858ರ ಒಟ್ಟೊಮನ್ ಭೂ ಕಾನೂನಿನಂತೆ ಮೂರು ವರ್ಷ ಸಾಗುವಳಿ ಮಾಡದ ನೆಲ ಸರ್ಕಾರದ ವಶಕ್ಕೆ ಹೋಗಬಹುದಿತ್ತು. ಪಶ್ಚಿಮ ದಂಡೆಯಲ್ಲಿ 1979ರ ನಂತರ ಇಸ್ರೇಲ್ ಈ ಹಳೆಯ ವಿಧಿಯನ್ನೇ ವ್ಯಾಪಕವಾಗಿ ಬಳಸಿ ಗುಡ್ಡಗಳನ್ನು ಸರ್ಕಾರಿ ಭೂಮಿಯೆಂದು ಘೋಷಿಸಿ ವಸಾಹತುಗಳಿಗೆ ಕೊಟ್ಟಿತು. ಕುರಿ ಮೇಯಿಸುವ, ಸೊಪ್ಪು ತರುವ ಇಳಿಜಾರು ದಾಖಲೆಯ ಕಣ್ಣಿಗೆ ಖಾಲಿಯಾಗಿ ಕಂಡಿತು. ಸೊಪ್ಪಿನ ಬೆಟ್ಟವನ್ನು ಬಲ್ಲವರಿಗೆ ಆ ‘ಖಾಲಿ’ಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಪರಿಸರದ ಹೆಸರೂ ಇಲ್ಲಿ ನಿಷ್ಕಳಂಕವಾಗಿ ಉಳಿದಿಲ್ಲ. ಜಾತರ್ ಎಂಬ ಕಾಡು ಸುಗಂಧ ಸೊಪ್ಪು ಪ್ಯಾಲೆಸ್ತೀನಿಯರ ಬೆಳಗಿನ ರೊಟ್ಟಿಯ ಜೊತೆಗಾರ. ಅವರ ಕವಿತೆಯಲ್ಲೂ ಅದರ ವಾಸನೆಯಿದೆ. 1977ರಲ್ಲಿ ಇಸ್ರೇಲ್ ಅದನ್ನು ರಕ್ಷಿತ ಸಸ್ಯವೆಂದು ಸಾರಿ ಕೊಯ್ಯುವುದನ್ನು ನಿಷೇಧಿಸಿತು. 2005ರಲ್ಲಿ ಅಕ್ಕೂಬ್ ಎಂಬ ಮುಳ್ಳಿನ ತರಕಾರಿಯೂ ಆ ಪಟ್ಟಿಗೆ ಸೇರಿತು. ಬುಟ್ಟಿ ಹಿಡಿದು ಗುಡ್ಡಕ್ಕೆ ಹೋದವರಿಗೆ ದಂಡ, ಮೊಕದ್ದಮೆ. ಸ್ವಂತ ಬಳಕೆಗೆ ಒಂದಿಷ್ಟು ಕೊಯ್ದುಕೊಳ್ಳಲು ಸಡಿಲಿಕೆ ದೊರೆತದ್ದು 2019ರಲ್ಲಿ. ಸಸ್ಯ ಸಂರಕ್ಷಣೆಯನ್ನು ನಾವು ವಿರೋಧಿಸುವವರಲ್ಲ. ಆದರೆ ತಲೆಮಾರುಗಳಿಂದ ಕೊಯ್ದು ಬಾಳಿದವರನ್ನು ಕೇಳದೆ ಮಾಡಿದ ಸಂರಕ್ಷಣೆ ಯಾರಿಗಾಗಿ ಎಂಬ ಪ್ರಶ್ನೆಯನ್ನು ನಮ್ಮಂಥ ಬಳಗಗಳೇ ಎತ್ತಬೇಕು.

ವಾಚನವೆಂದರೆ ನಿರುಪದ್ರವಿ ಎಂದು ಭಾವಿಸುವವರು 2009ರ ಮೇ ತಿಂಗಳನ್ನು ನೆನೆಯಲಿ. ಅಹ್ದಾಫ್ ಸೂಐಫ್ ಮತ್ತು ಗೆಳೆಯರು ಹಿಂದಿನ ವರ್ಷ ಆರಂಭಿಸಿದ್ದ ಪ್ಯಾಲೆಸ್ತೀನ್ ಸಾಹಿತ್ಯೋತ್ಸವದ ಉದ್ಘಾಟನೆಯನ್ನು ಪೂರ್ವ ಜೆರುಸಲೇಮಿನ ರಂಗಮಂದಿರದಲ್ಲಿ ಇಸ್ರೇಲಿ ಪೊಲೀಸರು ನಿಲ್ಲಿಸಿದರು. ಲೇಖಕರೂ ಸಭಿಕರೂ ಎದ್ದು ಫ್ರೆಂಚ್ ಸಾಂಸ್ಕೃತಿಕ ಕೇಂದ್ರಕ್ಕೆ ನಡೆದುಹೋಗಿ ಅಲ್ಲಿ ಓದಿದರು. ತನಿಖಾ ಠಾಣೆಗಳನ್ನು ದಾಟಿ ಜನ ಬರಲಾಗದೆಂದು ಲೇಖಕರೇ ಊರಿಂದೂರಿಗೆ ಹೋಗುವುದು ಆ ಉತ್ಸವದ ಪದ್ಧತಿ.

ದರ್ವೀಶರ ಹುಟ್ಟೂರು ಗಲಿಲೀ ಸೀಮೆಯ ಅಲ್-ಬಿರ್ವಾ 1948ರಲ್ಲೇ ಅಳಿಯಿತು. 2008ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ನಲವತ್ತನೆಯ ದಿನ ರಾಮಲ್ಲಾದಲ್ಲಿ ನಜರೆತ್ತಿನ ಜುಬ್ರಾನ್ ಸಹೋದರರು ಮೂರು ಊದ್ ಹಿಡಿದು ಕುಳಿತು, ಕವಿಯ ಮುದ್ರಿತ ಧ್ವನಿಯ ಜೊತೆಗೇ ನುಡಿಸಿದರು. ಇದರಲ್ಲಿ ಜಾಝ್ ಇರಲಿಲ್ಲ. ಆದರೂ ಮಾತಿಗೂ ನಾದಕ್ಕೂ ಸರಿಸಮ ಪೀಠ ಕೊಡುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಾಣೆ.

ಜನ ಸಾಯುತ್ತಿರುವಾಗ ಕಚೇರಿಯಿಂದೇನು ಪ್ರಯೋಜನವೆಂಬುದು ಕಡೆಯ ಮತ್ತು ಕಠಿಣವಾದ ಆಕ್ಷೇಪ. ಕಚೇರಿ ಒಂದು ಆಲಿವ್ ಮರವನ್ನೂ ಉಳಿಸದು, ನಿಜ. ಗಾಜಾದ ಸಾಹಿತ್ಯದ ಅಧ್ಯಾಪಕ ರಿಫಾತ್ ಅಲರೀರ್ 2023ರ ಡಿಸೆಂಬರ್ 6ರಂದು ಬಾಂಬಿಗೆ ಬಲಿಯಾದ ಮೇಲೆ ಅವರ ಒಂದು ಕವಿತೆ ಹತ್ತಾರು ಭಾಷೆಗಳಲ್ಲಿ ಓದಲ್ಪಟ್ಟಿತು, ಬಾಂಬು ನಿಲ್ಲಲಿಲ್ಲ. ಆದರೆ ಇಲ್ಲಿ ಯಾರೂ ಇರಲಿಲ್ಲ, ಯಾರೂ ಉಳುತ್ತಿರಲಿಲ್ಲ ಎಂಬ ವಾದದ ಮೇಲೆಯೇ ನೆಲ ಕಸಿಯುವುದು ನಡೆದಿರುವಾಗ, ಉಳುಮೆಯ ಹಾಡು ಸಾಕ್ಷಿಯಾಗುತ್ತದೆ. ನ್ಯಾಯಾಲಯ ಒಪ್ಪದ ಸಾಕ್ಷಿ, ಅಷ್ಟೇ. ಆ ಸಾಕ್ಷಿಯ ಬಾಯಿ ಕಟ್ಟುವವರಲ್ಲಿ ಕೆಲವೊಮ್ಮೆ ಕಚೇರಿಯ ಸಂಘಟಕರೂ ಸೇರುತ್ತಾರೆ. ಕರಪತ್ರದಲ್ಲಿ ವಾದಕರ ಹೆಸರು, ಪ್ರಾಯೋಜಕರ ಹೆಸರು, ಟಿಕೆಟ್ಟಿನ ದರ ಎಲ್ಲ ಇರುತ್ತವೆ; ಹಾಡಿನ ಮುಂದೆ ಮಾತ್ರ ‘ಸಾಂಪ್ರದಾಯಿಕ’ ಎಂಬ ಒಂದೇ ಪದ. ಅಲ್ಲಿ ಊರಿನ ಹೆಸರು ಬರಲಿ, ಆ ಊರು ಈಗ ಇದೆಯೋ ಇಲ್ಲವೋ ಅದೂ ಬರಲಿ.