ಮೂರು ಕಂಬದ ದೇಗುಲ



ಕೆಲವು ದಿನಗಳ ಹಿಂದೆ ಹಿರಿಯ ಭಕ್ತರೊಬ್ಬರು ಮಠಕ್ಕೆ ಪತ್ರವೊಂದನ್ನು ಬರೆದಿದ್ದರು. ವಚನಚಿಂತನೆ ನಡೆಯಬೇಕಾದ ಸ್ಥಳದಲ್ಲಿ ಕಾಲಿಲ್ಲದ ನಾಯಿಯೊಂದನ್ನು ಸಾಕಿಕೊಂಡಿರುವುದೇಕೆ, ಅದರ ಸಲುವಾಗಿ ಪ್ರಾರ್ಥನಾಮಂದಿರದ ಗ್ರಾನೈಟ್ ನೆಲದ ಮೇಲೆ ಕಂಬಳಿ ಹಾಸಿ ಅಂದಗೆಡಿಸಿರುವುದೇಕೆ, ದಾಸೋಹಕ್ಕೆಂದು ಭಕ್ತರು ಕೊಟ್ಟದ್ದು ನಾಯಿಯ ಪಾಲಾಗುತ್ತಿದೆಯೆ ಎಂಬ ಮೂರು ಪ್ರಶ್ನೆಗಳು ಅದರಲ್ಲಿದ್ದವು. ಪೂಜ್ಯರು ಪತ್ರವನ್ನು ಓದಿ, "ಕಂಬಳಿ ಹಾಸಿದವನು ನೀನು, ಉತ್ತರವನ್ನೂ ನೀನೇ ಬರೆ" ಎಂದು ಅದನ್ನು ನನ್ನ ಕೈಗೆ ಕೊಟ್ಟರು. ಪ್ರಶ್ನೆ ಕೇಳಿದವರು ಒಬ್ಬರೇ ಆದರೂ ಅದೇ ಮಾತು ಹಲವರ ಮನಸ್ಸಿನಲ್ಲಿರುವುದನ್ನು ಬಲ್ಲೆನಾದ್ದರಿಂದ ಎಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಠವಿರುವುದು ನಾಯಕನಹಟ್ಟಿಗೆ ಹೋಗುವ ದಾರಿಯ ಬದಿಯಲ್ಲಿ. ಫಾಲ್ಗುಣ ಮಾಸದಲ್ಲಿ ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳ ರಥೋತ್ಸವಕ್ಕೆ ಬರುವ ಜನಸಾಗರದ ಪರಿಚಯ ನಿಮಗೆಲ್ಲ ಇದ್ದೇ ಇದೆ. ಪಾದಯಾತ್ರಿಗಳು, ಎತ್ತಿನ ಗಾಡಿಗಳು, ಟ್ರ್ಯಾಕ್ಟರುಗಳು, ಬಸ್ಸುಗಳು ಹಗಲಿರುಳೆನ್ನದೆ ಸಾಗುತ್ತಿರುತ್ತವೆ. 2024ರ ಜಾತ್ರೆಯ ಹಿಂದಿನ ರಾತ್ರಿ, ಮಠದ ಹಿಂಬದಿಯ ತಿಪ್ಪೆಯ ಮೇಲೆ ಮಲಗುತ್ತಿದ್ದ ಕರಿಯನೆಂಬ ನಾಯಿಗೆ ಯಾವುದೋ ವಾಹನ ಬಡಿದು ಹೋಯಿತು. ಹಿಂದಿನ ಎಡಗಾಲು ಮೊಣಕಾಲಿನಿಂದ ಕೆಳಗೆ ಜಜ್ಜಿಹೋಗಿತ್ತು. ದಾಸೋಹದ ಅಡುಗೆಯವರು, ಪ್ರಸಾದನಿಲಯದ ಒಬ್ಬ ವಿದ್ಯಾರ್ಥಿ ಮತ್ತು ನಾನು ಅದನ್ನು ಗೋಣಿಚೀಲದಲ್ಲಿ ಸುತ್ತಿ, ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಬೆಳಗಾಗುವ ಹೊತ್ತಿಗೆ ಪಶುವೈದ್ಯರ ಬಳಿಗೆ ಕೊಂಡೊಯ್ದೆವು. ತೇರಿಗೆ ಹೋಗುವ ಜನ ಎದುರಿಗೆ ಬರುತ್ತಿದ್ದರು. ಜಾತ್ರೆಯ ದಿನ ತೇರಿಗೆ ಬೆನ್ನುಮಾಡಿ ಹೋದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ವೈದ್ಯರು ಕಾಲನ್ನು ಮುಟ್ಟಿ ನೋಡಿದರು. ಬೆರಳುಗಳು ತಣ್ಣಗಾಗಿದ್ದವು, ರಕ್ತಸಂಚಾರವಿರಲಿಲ್ಲ. ಮೂಳೆ ಕೂಡಿಸಿ ಉಳಿಸಬಹುದಾದ ಕಾಲು ಅದಾಗಿರಲಿಲ್ಲ. ಮೊಣಕಾಲಿನವರೆಗಾದರೂ ಉಳಿಸಿರೆಂದು ನಾನು ಬೇಡಿದೆ. ಹಾಗೆ ಅರ್ಧ ಉಳಿಸಿದರೆ ಪ್ರಾಣಿ ಆ ಮೋಟುಕಾಲನ್ನು ನೆಲಕ್ಕೂರಲು ಹೋಗಿ ತಿಕ್ಕಿ ತಿಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ, ಆದುದರಿಂದ ತೊಡೆಯ ಮೇಲ್ಭಾಗದಲ್ಲೇ ತೆಗೆಯುವುದು ಒಳಿತೆಂದು ಅವರು ವಿವರಿಸಿದರು. ನಾಯಿ ತನ್ನ ಮೈಭಾರದಲ್ಲಿ ನೂರಕ್ಕೆ ಅರವತ್ತರಷ್ಟನ್ನು ಮುಂಗಾಲುಗಳ ಮೇಲೆ ಹೊರುತ್ತದೆಯಂತೆ. ಆದ್ದರಿಂದ ಹಿಂಗಾಲು ಹೋದ ನಾಯಿ, ಮುಂಗಾಲು ಹೋದ ನಾಯಿಗಿಂತ ಬೇಗ ಹೊಂದಿಕೊಳ್ಳುತ್ತದೆ. ಅಲ್ಲಿ ನೆರೆದಿದ್ದ ಒಬ್ಬರು, "ಇಷ್ಟೆಲ್ಲ ಯಾಕೆ ಸ್ವಾಮಿ, ಒಂದು ಸೂಜಿ ಹಾಕಿಸಿಬಿಡಿ, ಅದಕ್ಕೂ ಮುಕ್ತಿ, ನಿಮಗೂ ಮುಕ್ತಿ" ಎಂದರು. ಆ ಮಾತು ಎಲ್ಲ ಸಂದರ್ಭಗಳಲ್ಲೂ ತಪ್ಪೆಂದು ನಾನು ಹೇಳಲಾರೆ. ಬೆನ್ನುಮೂಳೆ ಮುರಿದು, ನೋವಲ್ಲದೆ ಬೇರೇನೂ ಉಳಿಯದ ಜೀವಕ್ಕೆ ವೈದ್ಯರೇ ಅದನ್ನು ಸೂಚಿಸಬಹುದು. ಆದರೆ ಕರಿಯನ ಬಗ್ಗೆ ಹಾಗೆ ಸೂಚಿಸಿದವರು ವೈದ್ಯರಲ್ಲ, ನೋಡಲಾರದೆ ಮುಖ ತಿರುಗಿಸಿದವರು. ನೋಡುವವನ ಸಂಕಟವನ್ನು ಪ್ರಾಣಿಯ ಸಂಕಟವೆಂದು ಎಣಿಸುವುದು ದಯೆಯಲ್ಲ.

ಶಸ್ತ್ರಚಿಕಿತ್ಸೆಯಾಗಿ ಮಠಕ್ಕೆ ಮರಳಿದ ಮೊದಲ ವಾರ ನಾವು ಮಾಡಿದ ತಪ್ಪುಗಳನ್ನು ಹೇಳಿಕೊಳ್ಳಬೇಕು. ಎಣ್ಣೆ ಸುರಿಯುವ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿಯನ್ನು ಕೊರಳಿಗೆ ತೊಡಿಸಿ ಕಳಿಸಿದ್ದರು. ಹೊಲಿಗೆ ಬಿಚ್ಚುವ ಹತ್ತು ಹದಿನಾಲ್ಕು ದಿನಗಳವರೆಗೆ ಅದನ್ನು ತೆಗೆಯಬಾರದೆಂದು ಹೇಳಿದ್ದರೂ, ಪಾಪವೆಂದು ನಾವು ಮೂರನೆಯ ದಿನವೇ ಬಿಚ್ಚಿದೆವು. ಒಂದೇ ಗಂಟೆಯಲ್ಲಿ ಅದು ಎರಡು ಹೊಲಿಗೆಗಳನ್ನು ಕಿತ್ತುಕೊಂಡಿತು. ರಾತ್ರಿ ನರಳಿದಾಗ ಮನೆಯಲ್ಲಿದ್ದ ಜ್ವರದ ಮಾತ್ರೆ ಕೊಡಲು ಹೊರಟವರೂ ಇದ್ದರು. ಮನುಷ್ಯರ ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು. ವೈದ್ಯರು ಬರೆದುಕೊಟ್ಟದ್ದಲ್ಲದೆ ಬೇರೇನನ್ನೂ ಕೊಡಬಾರದು. ಇನ್ನು, ಕರಿಯ ಆಗಾಗ ತಿರುಗಿ ಇಲ್ಲದ ಪಾದವನ್ನು ನೆಕ್ಕಲು ನೋಡುತ್ತಿತ್ತು. ಕತ್ತರಿಸಿದ ಅಂಗ ಇನ್ನೂ ಇರುವಂತೆ ಮನುಷ್ಯರಿಗೂ ನೋವಾಗುವುದುಂಟು. ಪ್ರಾಣಿಗೂ ಅದಿರಬಹುದೆಂದು ವೈದ್ಯರು ಹೇಳಿದಾಗ ನಮ್ಮ ಅಡುಗೆಯವರು ಬಹಳ ಹೊತ್ತು ಮಾತನಾಡಲಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ನಾವು ಅದನ್ನು ಎತ್ತಿಕೊಂಡು ತಿರುಗಿದ್ದು. ನೀರಿಗೆ, ಅನ್ನಕ್ಕೆ, ಬಯಲಿಗೆ, ನೆರಳಿಗೆ, ಎಲ್ಲಕ್ಕೂ ಎತ್ತಿಕೊಂಡೇ ಹೋಗುತ್ತಿದ್ದೆವು. ವಿದ್ಯಾರ್ಥಿಗಳು ಸರದಿಯಂತೆ ಎತ್ತುತ್ತಿದ್ದರು. ನೋಡಿದ ಭಕ್ತರು ನಮ್ಮ ದಯೆಯನ್ನು ಕೊಂಡಾಡುತ್ತಿದ್ದರು, ನಮಗೂ ಹಿತವಾಗುತ್ತಿತ್ತು. ಎರಡನೆಯ ವಾರ ಕಾವಲಿನ ಕಡೆಯಿಂದ ಕುರಿ ಹೊಡೆದುಕೊಂಡು ಬಂದ ವೃದ್ಧರೊಬ್ಬರು ಮಠದ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ನೋಡಿದರು. ಕುರಿಗಾರರಿಗಿಂತ ಚೆನ್ನಾಗಿ ನಾಯಿಗಳನ್ನು ಬಲ್ಲವರು ಯಾರು? "ಎತ್ತಬ್ಯಾಡ್ರಿ ಸಾಮೇರೆ," ಎಂದರು. "ಅದಕ್ಕಿನ್ನೂ ಮೂರು ಕಾಲು ಅದಾವೆ. ನಿಮಿಗೆ ಇರೋವೇ ಎರಡು."

ಅಂದಿನಿಂದ ಎತ್ತುವುದನ್ನು ಬಿಟ್ಟೆವು. ಮೊದಲು ಟವೆಲೊಂದನ್ನು ಹೊಟ್ಟೆಯ ಕೆಳಗೆ ಹಾಯಿಸಿ, ಹಿಂಭಾಗಕ್ಕಷ್ಟೇ ಆಸರೆಕೊಟ್ಟು, ಐದೈದು ನಿಮಿಷದಂತೆ ದಿನಕ್ಕೆ ನಾಲ್ಕಾರು ಬಾರಿ ನಡೆಸಿದೆವು. ನಂತರ ಟವೆಲನ್ನು ಸಡಿಲ ಬಿಟ್ಟು ಹಿಡಿದೆವು. ಅದೊಂದು ಬೆಳಿಗ್ಗೆ ಟವೆಲು ನಮ್ಮ ಕೈಯಲ್ಲೇ ಉಳಿದು ಕರಿಯ ಮುಂದೆ ಹೋಗಿತ್ತು. ಆಗ ಕಂಡ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಮೂರು ಕಾಲಿನ ನಾಯಿಗೆ ನಿಧಾನವಾಗಿ ನಡೆಯುವುದೇ ಕಷ್ಟ, ಓಡುವುದು ಸುಲಭ. ನಿಂತರೆ ವಾಲುತ್ತದೆ, ನಡೆದರೆ ಕುಪ್ಪಳಿಸುತ್ತದೆ, ಓಡಿದರೆ ಕಾಲೊಂದು ಇಲ್ಲವೆಂಬುದೇ ದೂರದಿಂದ ತಿಳಿಯದು. (ಗಂಡುನಾಯಿಯಾದ್ದರಿಂದ ಮೂತ್ರಕ್ಕೆ ಯಾವ ಕಾಲನ್ನೆತ್ತಬೇಕೆಂಬ ಗೊಂದಲವೂ ಕೆಲಕಾಲ ಇತ್ತು. ಎತ್ತುವ ಕಾಲೇ ಹೋಗಿದ್ದರಿಂದ ಒಂದು ರೀತಿಯಲ್ಲಿ ಅನುಕೂಲವೇ ಆಯಿತು.)

ಉಳಿದ ತೊಡಕು ನೆಲದ್ದು. ಹೊರಗಿನ ಮಣ್ಣಿನ ಮೇಲೆ ಓಡುತ್ತಿದ್ದ ಕರಿಯ ಒಳಗಿನ ಗ್ರಾನೈಟ್ ಮೇಲೆ ಕಾಲಿಟ್ಟೊಡನೆ ಜಾರಿ ಬೀಳುತ್ತಿತ್ತು. ಉಳಿದಿರುವ ಒಂದೇ ಹಿಂಗಾಲಿನ ಕೀಲು ಹೀಗೆ ಜಾರಿ ಉಳುಕಿದರೆ ಮುಂದೆ ನಿಲ್ಲಲೂ ಆಗದು ಎಂದು ವೈದ್ಯರು ಎಚ್ಚರಿಸಿದ್ದರು. ಹೊರಗೇ ಇರಲಿ ಎನ್ನಲು ಅದು ಬೇಸಿಗೆ. ಚಳ್ಳಕೆರೆ ಸೀಮೆಯ ಚೈತ್ರ ವೈಶಾಖದ ಬಿಸಿಲಿನಲ್ಲಿ ಅಂಗಳದ ಚಪ್ಪಡಿ ಕಾದ ಹಂಚಿನಂತಿರುತ್ತದೆ. ನಾವು ಹುಡುಕಿದ ಉಪಾಯ ಊರಿನದೇ ಆಗಿತ್ತು. ಚಳ್ಳಕೆರೆಯ ಕಂಬಳಿಯನ್ನು ಬಲ್ಲದವರಿಲ್ಲ. ಹಳೆಯ ಕರಿಕಂಬಳಿಗಳನ್ನು ಸೇರಿಸಿ ಹೊಲಿದು ಬಾಗಿಲಿನಿಂದ ಗದ್ದುಗೆಯ ಪಕ್ಕದ ಮೂಲೆಯವರೆಗೆ ದಾರಿಯಂತೆ ಹಾಸಿದೆವು. ಒರಟು ಉಣ್ಣೆ ಜಾರುವುದಿಲ್ಲ. ಮೆಟ್ಟಿಲ ಮೇಲೆ ಹಲಗೆಯೊಂದನ್ನಿಟ್ಟು ಗೋಣಿ ಬಡಿದೆವು. ಕರಿಯನ ಉಗುರುಗಳನ್ನು ಕತ್ತರಿಸಿದೆವು. ಪತ್ರ ಬರೆದ ಹಿರಿಯರಿಗೆ ಅಂದಗೇಡಾಗಿ ಕಂಡದ್ದು ಈ ಕಂಬಳಿಯ ದಾರಿ.

ಈಗ ಅವರ ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕು, ಅದು ನನಗೆ ನಾಚಿಕೆಯ ಉತ್ತರ. ಕಂಬಳಿ ಹಾಸಿದ ಮೂರು ವಾರಗಳ ನಂತರದ ಸೋಮವಾರ, ಸಕ್ಕರೆ ಕಾಯಿಲೆಯಿಂದ ಒಂದು ಕಾಲನ್ನು ಕಳೆದುಕೊಂಡಿದ್ದ ಹಳೆಯ ಭಕ್ತರೊಬ್ಬರು ಊರುಗೋಲಿನ ಮೇಲೆ ಬಂದು ಕುಳಿತರು. ಅವರು ಬಹುಕಾಲದಿಂದ ಮಠಕ್ಕೆ ಬಂದಿರಲಿಲ್ಲ. ಆರೋಗ್ಯ ಸರಿಯಿಲ್ಲವೆಂದೋ ಮನಸ್ಸು ಮುರಿದಿದೆಯೆಂದೋ ನಾವು ನಮ್ಮಷ್ಟಕ್ಕೆ ತಿಳಿದುಕೊಂಡಿದ್ದೆವು. "ಯಾಕೆ ಅಪ್ಪಾಜಿ, ಇಷ್ಟು ದಿನ ಬರಲಿಲ್ಲ?" ಎಂದು ಕೇಳಿದೆ. "ಕಲ್ಲು ಹಾಕಿಸಿದ ಮೇಲೆ ಕೋಲು ನಿಲ್ಲಂಗಿಲ್ಲಪ್ಪ. ಒಂದ್ಸಲ ಬಿದ್ದೆ, ಸಾಕಾತು. ನಾಯಿಗೆ ಕಂಬಳಿ ಹಾಸ್ಯಾರೆ ಅಂದ್ರು, ನಾನೂ ಬಂದೆ" ಎಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ವಿಚಾರಿಸಿದರೆ ಮೂರು ನಾಲ್ಕು ಮಂದಿ ಅಜ್ಜಿಯರು ಕೂಡ ಅದೇ ನೆಲಕ್ಕೆ ಹೆದರಿ ಹೊರಗಿನಿಂದಲೇ ಕೈಮುಗಿದು ಹೋಗುತ್ತಿದ್ದರೆಂದು ತಿಳಿಯಿತು. ನಾಯಿ ಜಾರಿದ್ದನ್ನು ಕಂಡ ನಮ್ಮ ಕಣ್ಣಿಗೆ ಅವರು ಜಾರಿದ್ದು ಕಂಡಿರಲಿಲ್ಲ.

ದೇಹವನ್ನೇ ದೇವಾಲಯವಾಗಿ ಕಂಡ ಬಸವಣ್ಣನವರ ವಚನ ನಿಮ್ಮೆಲ್ಲರಿಗೂ ಕಂಠಸ್ಥವಿರುವುದರಿಂದ ಅದನ್ನಿಲ್ಲಿ ಎತ್ತಿ ಬರೆಯುವುದಿಲ್ಲ. ಎ.ಕೆ. ರಾಮಾನುಜನ್ ಅವರು 1973ರಲ್ಲಿ ವಚನಗಳನ್ನು ಇಂಗ್ಲಿಷ್ ಬಲ್ಲ ಲೋಕಕ್ಕೆ ಪರಿಚಯಿಸಿದಾಗ ತಮ್ಮ ಪ್ರಸ್ತಾವನೆಯನ್ನು ಆರಂಭಿಸಿದ್ದು ಅದೇ ವಚನದಿಂದ. ಧನಿಕರ ಶಿವಾಲಯಕ್ಕೆ ಎದುರಾಗಿ ಬಡವನು ತನ್ನ ಕಾಲುಗಳನ್ನೇ ಕಂಬಗಳಾಗಿ ನಿಲ್ಲಿಸುವ ಆ ಮಾತನ್ನು ನಾನು ಎಷ್ಟೋ ವೇದಿಕೆಗಳಲ್ಲಿ ವ್ಯಾಖ್ಯಾನಿಸಿದ್ದೇನೆ. ಕಂಬವೊಂದು ಬಿದ್ದರೆ ಆ ದೇಗುಲದ ಗತಿಯೇನೆಂದು ಮಾತ್ರ ಎಂದೂ ಕೇಳಿಕೊಂಡಿರಲಿಲ್ಲ. ಕಲ್ಲಿನ ಗುಡಿಯಾಗಿದ್ದರೆ ಅದು ಕುಸಿಯುತ್ತಿತ್ತು. ಕರಿಯ ಕುಸಿಯಲಿಲ್ಲ, ಏಕೆಂದರೆ ಅದು ನಿಂತಿರುವ ಗುಡಿಯಲ್ಲ, ಚಲಿಸುವ ಗುಡಿ. ಭಾರವನ್ನು ಉಳಿದ ಮೂರಕ್ಕೆ ಹಂಚಿಕೊಂಡು ಅದು ಮುಂದೆ ಹೋಯಿತು. ಸ್ಥಾವರ ಜಂಗಮಗಳ ವ್ಯತ್ಯಾಸವನ್ನು ಅಣ್ಣನವರು ಆ ವಚನದ ಕೊನೆಗೆ ಇಟ್ಟಿರುವುದು ಬರಿಯ ಅಲಂಕಾರಕ್ಕಲ್ಲವೆಂದು ನನಗೆ ತಿಳಿದದ್ದು ಟವೆಲು ಕೈಯಲ್ಲಿ ಉಳಿದ ಆ ಬೆಳಿಗ್ಗೆ. ಕಲ್ಲು ಕೊಟ್ಟ ದಾನಿಗಳ ಭಕ್ತಿಯನ್ನು ನಾನು ಹೀಗಳೆಯುತ್ತಿಲ್ಲ. ಆದರೆ ಚಲಿಸುವ ದೇಗುಲಗಳನ್ನು ಹೊರಗಿಡುವ ನೆಲ ಎಷ್ಟು ಹೊಳೆದರೂ ಆ ವಚನಕ್ಕೆ ಸಲ್ಲದು.

ವಚನಗಳಲ್ಲಿ ನಾಯಿಗೆ ಗೌರವದ ಸ್ಥಾನವಿದೆಯೆಂದು ಹೇಳಿದರೆ ಸುಳ್ಳಾದೀತು. ಪಲ್ಲಕ್ಕಿಯಲ್ಲಿ ಕುಳ್ಳಿರಿಸಿದರೂ ಹುಟ್ಟುಗುಣ ಬಿಡದ ನಾಯಿಯನ್ನು ಬಸವಣ್ಣನವರು ತಮ್ಮ ಮನಸ್ಸಿಗೆ ಹೋಲಿಸಿಕೊಂಡಿದ್ದಾರೆ. ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದ ವೇದ ಓದಿಸಿದ ಕಥೆಯಲ್ಲಿಯೂ ಇರುವುದು ಕುಲದ ಅಹಂಕಾರಕ್ಕೆ ಉತ್ತರವೇ ಹೊರತು ನಾಯಿಯ ಚಿಂತೆಯಲ್ಲ. ಆದರೆ ದಯೆಯಿಲ್ಲದೆ ಧರ್ಮವೇ ಇಲ್ಲವೆಂದ ಅಣ್ಣನವರು ಆ ದಯೆಯ ಎಲ್ಲೆಯನ್ನು ಮನುಷ್ಯರಿಗೆ ನಿಲ್ಲಿಸಲಿಲ್ಲ, ಸಕಲ ಜೀವಿಗಳಿಗೂ ಚಾಚಿದರು. ಅದಕ್ಕಿಂತ ದೊಡ್ಡ ಅಪ್ಪಣೆ ನಮಗೆ ಬೇಕಿಲ್ಲ.

ಖರ್ಚಿನ ಪ್ರಶ್ನೆ ಉಳಿಯಿತು. ಚಿಕಿತ್ಸೆಯ ಹಣವನ್ನು ಆ ಬೆಳಿಗ್ಗೆ ಆಟೋದಲ್ಲಿದ್ದ ಹಿರಿಯರಿಬ್ಬರೂ ಪೂಜ್ಯರೂ ಹಂಚಿಕೊಂಡೆವು, ದಾಸೋಹದ ಲೆಕ್ಕಕ್ಕೆ ಬರೆಯಲಿಲ್ಲ. ಆದರೆ ಈ ಉತ್ತರದ ಹಿಂದೆ ಅಡಗಲು ನನಗೆ ಇಷ್ಟವಿಲ್ಲ, ಬರೆದಿದ್ದರೂ ತಪ್ಪಾಗುತ್ತಿರಲಿಲ್ಲ. ಮಾಡಿದಷ್ಟಕ್ಕೆ ತಕ್ಕ ಭಿಕ್ಷೆ ಎಂಬರ್ಥದ ಹಟ್ಟಿ ತಿಪ್ಪೇಶನ ನುಡಿಯನ್ನು ಪತ್ರದಲ್ಲಿ ನೆನಪಿಸಿ, ನಾಯಿ ಏನು ಕಾಯಕ ಮಾಡಿದೆಯೆಂದು ಕೇಳಲಾಗಿದೆ. ಆ ನುಡಿ ಮಾಡಬಲ್ಲವನಿಗೆ ಹೇಳಿದ್ದು, ನಮಗೆ ಹೇಳಿದ್ದು. ಅದನ್ನು ಮಾಡಲಾರದ ಜೀವದ ಮೇಲೆ ಕಟ್ಟಳೆಯಾಗಿ ಹೇರುವುದು ಸರಿಯಲ್ಲ. ಮಳೆಯೇ ಅಪರೂಪವಾದ ಈ ಸೀಮೆಯಲ್ಲಿ ಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಪರಂಪರೆ ಸ್ಮರಿಸುತ್ತದೆ. ಕೆರೆ ಯಾರ ಕಾಯಕವನ್ನೂ ವಿಚಾರಿಸಿ ನೀರು ಕೊಡುವುದಿಲ್ಲ. ನಮ್ಮ ನೆರೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವುಗಳ ಹೆಗಲಿಗೆ ನೊಗವಿಡುವುದಿಲ್ಲ, ಕಿಲಾರಿಗಳು ಬರಗಾಲದಲ್ಲಿಯೂ ಮೇವು ಹುಡುಕಿ ಅವನ್ನು ಸಾಕುತ್ತಾರೆ. ದುಡಿಯದ ಎತ್ತನ್ನು ದೇವರೆಂದು ಕಾಣುವ ಮಣ್ಣಿನಲ್ಲಿ ಕುಂಟುನಾಯಿಗೆ ಎರಡು ತುತ್ತು ಲೆಕ್ಕಕ್ಕೆ ಬರಬೇಕೆ?

ಬೀದಿನಾಯಿಗಳ ಬಗ್ಗೆ ಜನರಿಗಿರುವ ಭಯ ಸುಳ್ಳಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡರೆ ಬದುಕುವವರು ಇಲ್ಲವೆನ್ನಬೇಕು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶಗಳು ಬಂದ ಮೇಲೆ ಈ ವಾದ ನಮ್ಮ ಹಳ್ಳಿಗಳವರೆಗೂ ತಲುಪಿದೆ. ಕರಿಯನಿಗೆ ಲಸಿಕೆ ಹಾಕಿಸಿದೆ, ಸಂತಾನಹರಣವೂ ಆಗಿದೆ, ಜಾತ್ರೆಯ ದಿನಗಳಲ್ಲಿ ಹಿಂಬದಿಯ ಕೋಣೆಯಲ್ಲಿ ಕಟ್ಟಿರುತ್ತೇವೆ. ಗಾಯಗೊಂಡ ಪ್ರಾಣಿಯನ್ನು ಕಂಡವರು 1962 ಸಂಖ್ಯೆಗೆ ಕರೆ ಮಾಡಿ ಪಶುಚಿಕಿತ್ಸೆಯ ನೆರವು ಕೇಳಬಹುದು. ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಶಿವಮೊಗ್ಗ, ಹೆಬ್ಬಾಳಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಮಠಕ್ಕೆ ಬರುವ ಭಕ್ತರಲ್ಲಿ ಎರಡು ವಿನಂತಿ. ಕರಿಯನಿಗೆ ಹೋಳಿಗೆ, ಕೊಬ್ಬರಿ, ದ್ರಾಕ್ಷಿ ಹಾಕಿದ ಪ್ರಸಾದ ತಿನ್ನಿಸಬೇಡಿರಿ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಕೇಡು, ಉಳಿದವುಗಳಿಂದ ಮೈ ಬೆಳೆದು ಮೂರು ಕಾಲಿಗೆ ಭಾರವಾಗುತ್ತದೆ. ಈಗಾಗಲೇ ತುಸು ದಪ್ಪಗಾಗಿದೆ, ಯಾರು ತಿನ್ನಿಸುತ್ತಿದ್ದಾರೆಂದು ನಮಗೆ ಗೊತ್ತು. ಎರಡನೆಯದು, ಕಂಬಳಿಗಳನ್ನು ಪ್ರತಿ ಭಾನುವಾರ ಬೆಳಿಗ್ಗೆ ಒಗೆದು ಒಣಹಾಕುತ್ತೇವೆ. ಆ ಹೊತ್ತು ಬರುವ ಹಿರಿಯರು ಬಾಗಿಲಲ್ಲೇ ಒಂದು ಕೂಗು ಹಾಕಿದರೆ ವಿದ್ಯಾರ್ಥಿಗಳು ಬಂದು ಕೈಹಿಡಿದು ಒಳಗೆ ಕರೆತರುತ್ತಾರೆ.